ಒಬ್ಬರಿಗೆ ಸೀಲಿಯಾಕ್ ಇದ್ದರೆ ಮನೆಮಂದಿಯ ರಕ್ತವನ್ನೂ ನೋಡಿ: ಕಾಸರಗೋಡು ಜಿಲ್ಲಾ ವೈದ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ವೈದ್ಯಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ಪೆರ್ಲದ ಹತ್ತಿರದವಳು, ಇಬ್ಬರು ಮಕ್ಕಳ ತಾಯಿ. ಮಕ್ಕಳಿಬ್ಬರಿಗೂ ಸೀಲಿಯಾಕ್ ಕಾಯಿಲೆ ಉಂಟು. ಗೋಧಿ, ಬಾರ್ಲಿ, ರೈ ಈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಅದು ಹೊಟ್ಟೆಗೆ ಹೋದರೆ ಇವರ ದೇಹ ತನ್ನ ಸಣ್ಣ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತದೆ. ಇದಕ್ಕೆ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಆ ಧಾನ್ಯಗಳನ್ನು ಜೀವಮಾನವಿಡೀ ಬಿಡುವುದೇ ಚಿಕಿತ್ಸೆ. ಬಿಟ್ಟರೆ ಕರುಳು ನಿಧಾನಕ್ಕೆ ವಾಸಿಯಾಗುತ್ತದೆ, ಮಕ್ಕಳು ಎಲ್ಲರ ಹಾಗೆ ಬೆಳೆಯುತ್ತಾರೆ. ನನ್ನ ಮಕ್ಕಳು ಈಗ ಚೆನ್ನಾಗಿದ್ದಾರೆ. ಹಾಗಾಗಿ ಅಯ್ಯೋ ಪಾಪ ಅನ್ನಲಿ ಅಂತ ಈ ಪತ್ರ ಬರೆಯುತ್ತಿಲ್ಲ.

ಕೇಳುವುದು ಇಷ್ಟೇ. ನಮ್ಮ ಜಿಲ್ಲೆಯಲ್ಲಿ ಯಾರಿಗಾದರೂ ಸೀಲಿಯಾಕ್ ಇದೆ ಎಂದು ಗೊತ್ತಾದ ಕೂಡಲೇ ಅವರ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಇಷ್ಟು ಜನರ ರಕ್ತ ಪರೀಕ್ಷೆ ಮಾಡಿಸುವ ಹೊಣೆಯನ್ನು ಸರಕಾರಿ ಆಸ್ಪತ್ರೆಯೇ ಹೊರಬೇಕು. ಅದು ಜಿಲ್ಲೆಯ ಒಳಗೇ ಆಗಬೇಕು. ನಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಆಗಬೇಕು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆದೀತು, ದಯವಿಟ್ಟು ಪೂರ್ತಿ ಓದಿ.

ಮಗಳಿಗೆ ಚಿಕ್ಕಂದಿನಿಂದಲೇ ರಕ್ತ ಕಡಿಮೆ. ಮೊದಲು ಕಬ್ಬಿಣದ ಸಿರಪ್ಪು, ಆಮೇಲೆ ಮಾತ್ರೆ, ನಡುನಡುವೆ ಹುಳದ ಮಾತ್ರೆ. ಹಿಮೋಗ್ಲೋಬಿನ್ ಒಂದಿಷ್ಟು ಏರುವುದು, ಮಾತ್ರೆ ನಿಲ್ಲಿಸಿದರೆ ಮತ್ತೆ ಇಳಿಯುವುದು. ಬಾಯಿಹುಣ್ಣು ಗುಣವಾಯಿತು ಅನ್ನುವಷ್ಟರಲ್ಲಿ ಇನ್ನೊಂದು. ಸಂಜೆಯಾದರೆ ಹೊಟ್ಟೆ ಉಬ್ಬರಿಸಿ ಲಂಗದ ಲಾಡಿ ಬಿಗಿಯಾಗುತ್ತಿತ್ತು. ಭೇದಿ ಅಂತ ದೊಡ್ಡದಾಗಿ ಏನೂ ಇರಲಿಲ್ಲ. ಅದಕ್ಕೇ ಯಾರಿಗೂ ಕರುಳಿನ ಮೇಲೆ ಸಂಶಯ ಬರಲಿಲ್ಲ. ತೋರಿಸಿದ ಕಡೆಯಲ್ಲೆಲ್ಲ ಒಂದೇ ಮಾತು, ಸೊಪ್ಪು ತಿನ್ನಿಸಿ, ಬೆಲ್ಲ ಕೊಡಿ, ಮಗು ಸರಿಯಾಗಿ ತಿನ್ನುವುದಿಲ್ಲ ಅಲ್ವಾ. ತಿನ್ನುತ್ತಿದ್ದಳು! ಚಪಾತಿ ಅಂದರೆ ಅವಳಿಗೆ ಬಲು ಇಷ್ಟ. ಕೊನೆಗೆ ಮಂಗಳೂರಿನಲ್ಲಿ ಒಬ್ಬರು ಮಕ್ಕಳ ಡಾಕ್ಟ್ರು ಅವಳ ಎತ್ತರ ಅಳೆದು, ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿ, ಇಷ್ಟು ಕಬ್ಬಿಣ ಕೊಟ್ಟರೂ ರಕ್ತ ಏರದಿದ್ದರೆ ಕರುಳು ಅದನ್ನು ಹೀರಿಕೊಳ್ಳುತ್ತಿಲ್ಲ ಎಂದೇ ಲೆಕ್ಕ ಅಂದರು. ಸೀಲಿಯಾಕ್‌ನ ಗುರುತನ್ನು ರಕ್ತದಲ್ಲಿ ಹುಡುಕುವ ಟಿಟಿಜಿ ಎಂಬ ಒಂದು ಪರೀಕ್ಷೆ ಬರೆದುಕೊಟ್ಟರು. ಅದು ತುಂಬಾ ಜಾಸ್ತಿ ಬಂತು. ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದರು, ಖಾತ್ರಿಯಾಯಿತು.

ಆ ಡಾಕ್ಟ್ರು ಅಲ್ಲಿಗೆ ನಿಲ್ಲಿಸಲಿಲ್ಲ. ಮನೆಯಲ್ಲಿ ಬೇರೆ ಮಕ್ಕಳಿದ್ದಾರಾ ಅಂತ ಕೇಳಿದರು. ತಮ್ಮ ಇದ್ದಾನೆ, ಆದರೆ ಅವನಿಗೇನೂ ಇಲ್ಲ ಅಂದೆ. ನಿಜವಾಗಿಯೂ ಏನೂ ಇರಲಿಲ್ಲ. ಹೊಟ್ಟೆನೋವಿಲ್ಲ, ಸುಸ್ತಿಲ್ಲ, ಶಾಲೆಯ ಕಬಡ್ಡಿ ತಂಡದಲ್ಲಿದ್ದ. ಇರಲಿ, ಅವನದ್ದೂ ನಿಮ್ಮಿಬ್ಬರದ್ದೂ ರಕ್ತ ಕೊಟ್ಟು ಹೋಗಿ ಅಂದರು. ಗಂಡನದ್ದು ಸರಿ ಇತ್ತು, ನನ್ನದೂ ಸರಿ ಇತ್ತು, ಮಗನದ್ದು ಏರಿತ್ತು. ಅವನ ಕರುಳನ್ನು ನೋಡಿದಾಗ ಆಹಾರ ಹೀರುವ ಬೆರಳಿನಂಥ ಸಣ್ಣ ಚಾಚುಗಳು, ಅವಕ್ಕೆ ವಿಲ್ಲೈ ಅನ್ನುತ್ತಾರೆ, ಆಗಲೇ ಸವೆಯಲು ಶುರುವಾಗಿದ್ದವು. ಹೊರಗೆ ಕಬಡ್ಡಿ ಆಡುವ ಹುಡುಗ, ಒಳಗೆ ಕರುಳು ಸವೆಯುತ್ತಿದೆ.

ಇದನ್ನು ನಾನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಊರಿಗೆ ಬಂದ ಮೇಲೆ ನನ್ನ ತಂಗಿಯ ಮಕ್ಕಳನ್ನು ತೋರಿಸಲು ಒಂದು ಸರಕಾರಿ ಆಸ್ಪತ್ರೆಗೆ ಹೋದಾಗ ಸಿಕ್ಕಿದ ಉತ್ತರ ಹೀಗಿತ್ತು: ಮಕ್ಕಳು ಆರಾಮಾಗಿದ್ದಾರೆ, ಇದು ಉತ್ತರ ಭಾರತದವರ ಕಾಯಿಲೆ, ಇಲ್ಲಿ ಅದೆಲ್ಲ ಇಲ್ಲ, ಸುಮ್ನೆ ಖರ್ಚು ಮಾಡಬೇಡಿ. ಹೇಳಿದವರು ಕೆಟ್ಟವರಲ್ಲ. ಸಾಲಿನಲ್ಲಿ ನಿಂತ ಇನ್ನೂ ಎಷ್ಟೋ ಜನರನ್ನು ಅವರು ನೋಡಬೇಕಿತ್ತು. ಆದರೆ ಆ ಮಾತು ಸರಿಯಲ್ಲ, ಮತ್ತು ಸರಿಯಲ್ಲ ಅನ್ನುವುದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ.

2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಉಂಟು. ದೇಶದ ಉತ್ತರ, ಈಶಾನ್ಯ ಮತ್ತು ದಕ್ಷಿಣದ 23,000ಕ್ಕೂ ಹೆಚ್ಚು ಆರೋಗ್ಯವಂತ ವಯಸ್ಕರನ್ನು ಪರೀಕ್ಷೆ ಮಾಡಿದ್ದರು. ಉತ್ತರದಲ್ಲಿ ನೂರಕ್ಕೆ 1.23 ಮಂದಿಗೆ ಸೀಲಿಯಾಕ್ ಇತ್ತು, ದಕ್ಷಿಣದಲ್ಲಿ ನೂರಕ್ಕೆ 0.10, ಅಂದರೆ ಸಾವಿರಕ್ಕೆ ಒಬ್ಬರು. ಇಷ್ಟನ್ನೇ ಓದಿದರೆ ಇದು ನಮ್ಮ ಕಾಯಿಲೆ ಅಲ್ಲ ಅಂತಲೇ ಅನ್ನಿಸುತ್ತದೆ. ಆದರೆ ಅವರು ವಂಶವಾಹಿಗಳನ್ನೂ ನೋಡಿದ್ದರು. ಈ ಕಾಯಿಲೆಗೆ ದಾರಿ ಮಾಡಿಕೊಡುವ ವಂಶವಾಹಿ ಉತ್ತರದವರಲ್ಲಿ ಎಷ್ಟು ಸಾಮಾನ್ಯವೋ ದಕ್ಷಿಣದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಸಾಮಾನ್ಯ, ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ವ್ಯತ್ಯಾಸ ಎಲ್ಲಿ? ಊಟದ ತಟ್ಟೆಯಲ್ಲಿ. ಉತ್ತರದಲ್ಲಿ ಒಬ್ಬರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದಲ್ಲಿ ಬರೀ 25 ಗ್ರಾಂ.

ಈಗ ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಮನೆಗಳನ್ನು ನೆನೆಸಿಕೊಳ್ಳಿ. ನನ್ನ ಅಜ್ಜಿಯ ಕಾಲದಲ್ಲಿ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಕುಚ್ಚಿಲಕ್ಕಿ ಅನ್ನ, ರಾತ್ರಿ ಮತ್ತೆ ಅದೇ. ತಿಂಡಿ ಅಂದರೆ ನೀರುದೋಸೆ, ಪುಂಡಿ, ಕೊಟ್ಟಿಗೆ, ಒತ್ತುಶ್ಯಾವಿಗೆ, ಮಳೆಗಾಲದಲ್ಲಿ ಪತ್ರೊಡೆ. ನೆರೆಮನೆಯ ಬ್ಯಾರಿಗಳಲ್ಲಿ ಪತ್ತಿರಿ. ಎಲ್ಲ ಅಕ್ಕಿಯದ್ದು. ಗೋಧಿ ಮನೆಗೆ ಬರುತ್ತಿದ್ದದ್ದು ಪಾಯಸಕ್ಕೋ ಯಾರಿಗಾದರೂ ಹುಷಾರಿಲ್ಲದಾಗಲೋ. ಈಗ ಸಕ್ಕರೆ ಕಾಯಿಲೆ ಇರುವ ಪ್ರತಿಯೊಂದು ಮನೆಯಲ್ಲೂ ರಾತ್ರಿ ಚಪಾತಿ, ಅದು ಡಾಕ್ಟ್ರು ಹೇಳಿದ್ದು. ಮಕ್ಕಳ ಬುತ್ತಿಗೆ ಬ್ರೆಡ್ಡು, ನೂಡಲ್ಸು. ಪೇಟೆಗೆ ಹೋದರೆ ಪರೋಟ, ಬನ್ಸು, ಗೋಳಿಬಜೆ. ರೇಷನ್ ಅಂಗಡಿಯಲ್ಲಿ ಆಟಾ. ಗಲ್ಫಿನಲ್ಲಿ ದುಡಿಯುವ ನಮ್ಮ ಗಂಡಸರಿಗೆ ವರ್ಷಗಟ್ಟಲೆ ಕುಬ್ಬೂಸೇ ಊಟ. ಗೋಧಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನೂರರಲ್ಲಿ ತೊಂಬತ್ತೆಂಟು ತೊಂಬತ್ತೊಂಬತ್ತು ಜನರಿಗೆ ಅದರಿಂದ ಏನೂ ಆಗುವುದಿಲ್ಲ. ವಂಶವಾಹಿ ನಮ್ಮಲ್ಲಿ ಮೊದಲಿನಿಂದಲೂ ಇತ್ತು, ಗೋಧಿ ಈಗ ಬಂದು ಸೇರಿದೆ, ಅದನ್ನು ಹೇಳುತ್ತಿದ್ದೇನೆ.

ಗೋಧಿಗೂ ಈ ಕಾಯಿಲೆಗೂ ಇರುವ ನಂಟು ಜಗತ್ತಿಗೆ ತಿಳಿದದ್ದೇ ಊಟ ಬದಲಾದಾಗ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ನೆದರ್ಲ್ಯಾಂಡ್ಸಿನಲ್ಲಿ ಭೀಕರ ಹಸಿವು. ಬ್ರೆಡ್ಡು ಸಿಗುತ್ತಿರಲಿಲ್ಲ. ಆಗ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮತ್ತೆ ಬಂದ ಮೇಲೆ ಮತ್ತೆ ಹಾಸಿಗೆ ಹಿಡಿದರು. ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿಗೆ ಅದಕ್ಕೂ ಮೊದಲೇ ಗೋಧಿಯ ಮೇಲೆ ಅನುಮಾನ ಇತ್ತು. ಅವರು ಅದನ್ನು ಪರೀಕ್ಷಿಸಿ 1950ರಲ್ಲಿ ಬರೆದಿಟ್ಟರು. ಅಲ್ಲಿ ಗೋಧಿ ಹೋದಾಗ ಕಾಯಿಲೆ ಮರೆಯಾಯಿತು. ನಮ್ಮಲ್ಲಿ ಗೋಧಿ ಬರುತ್ತಿದೆ.

ವಂಶವಾಹಿ ಅಂದ ಕೂಡಲೇ ನಮ್ಮಲ್ಲಿ ಜನ ಹೆದರುತ್ತಾರೆ, ಅದಕ್ಕಿಂತ ಮೊದಲು ಬೆರಳು ತೋರಿಸುತ್ತಾರೆ. ಹಾಗಾಗಿ ಇದನ್ನು ನನಗೆ ಅರ್ಥವಾದ ಹಾಗೆ ಇಲ್ಲೇ ಬರೆದುಬಿಡುತ್ತೇನೆ, ಓದುವವರಿಗೆ ಉಪಯೋಗವಾಗಲಿ. ನಮ್ಮ 6ನೇ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪು ಇದೆ. ದೇಹದ ಒಳಗೆ ಬಂದದ್ದನ್ನು ರಕ್ಷಣಾ ಕಣಗಳಿಗೆ ಎತ್ತಿ ತೋರಿಸುವ ಅಣುಗಳನ್ನು ಇವು ತಯಾರಿಸುತ್ತವೆ. ಅದರಲ್ಲಿ ಡಿಕ್ಯೂ2 ಮತ್ತು ಡಿಕ್ಯೂ8 ಎಂಬ ಎರಡು ಬಗೆಗಳು ಗ್ಲುಟೆನ್‌ನ ತುಣುಕುಗಳನ್ನು ಗಟ್ಟಿಯಾಗಿ ಹಿಡಿದು ತೋರಿಸುತ್ತವೆ. ರಕ್ಷಣಾ ಕಣಗಳು ಅದನ್ನು ಶತ್ರು ಎಂದು ತಿಳಿದು ಯುದ್ಧಕ್ಕೆ ಇಳಿಯುತ್ತವೆ, ಪೆಟ್ಟು ಬೀಳುವುದು ಕರುಳಿಗೆ. ಸೀಲಿಯಾಕ್ ಇರುವವರಲ್ಲಿ ಬಹುತೇಕ ಎಲ್ಲರಲ್ಲೂ ಈ ಎರಡರಲ್ಲಿ ಒಂದು ಇದ್ದೇ ಇರುತ್ತದೆ, ಹೆಚ್ಚಿನವರಲ್ಲಿ ಡಿಕ್ಯೂ2. ಆದರೆ ಇದನ್ನು ತಿರುಗಿಸಿ ಹೇಳಲಿಕ್ಕಾಗುವುದಿಲ್ಲ. ಇವು ಇರುವವರಲ್ಲಿ ನೂರಕ್ಕೆ ಎಲ್ಲೋ ಕೆಲವರಿಗೆ ಮಾತ್ರ ಕಾಯಿಲೆ ಬರುತ್ತದೆ, ಉಳಿದವರು ಪರೋಟ ತಿಂದು ಆರಾಮಾಗಿರುತ್ತಾರೆ. ನಮ್ಮ ಅಡಿಕೆ ತೋಟದಲ್ಲಿ ಕೊಳೆರೋಗದ ಬೂಸ್ಟು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಆಟಿಯಲ್ಲಿ ಬಿಡದೆ ಮಳೆ ಹಿಡಿದ ವರ್ಷ ಮಾತ್ರ ಗೊನೆ ಉದುರುವುದು, ಹಾಗೆ ಇದು. ಒಂದೇ ತತ್ತಿಯಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಸೀಲಿಯಾಕ್ ಇದ್ದರೆ ಇನ್ನೊಬ್ಬರಿಗೂ ಬರುವುದು ಸುಮಾರು ನಾಲ್ಕರಲ್ಲಿ ಮೂರು ಜೋಡಿಗಳಲ್ಲಿ. ಅಂದರೆ ವಂಶವಾಹಿಯ ಪಾಲು ದೊಡ್ಡದು, ಆದರೆ ಎಲ್ಲವೂ ಅದೇ ಅಲ್ಲ.

ಇನ್ನು ಯಾರ ಕಡೆಯಿಂದ ಬಂತು ಅನ್ನುವ ಮಾತು. ಮಗಳ ಕಾಯಿಲೆ ಗೊತ್ತಾದ ವಾರದಲ್ಲೇ ನನ್ನ ಕಿವಿಗೆ ಬಿದ್ದದ್ದು, ನಮ್ಮ ಕುಟುಂಬದಲ್ಲಿ ಯಾರಿಗೂ ಇರಲಿಲ್ಲ, ಇದು ಅವಳ ತವರಿನಿಂದ ಬಂದದ್ದು. ಇಂಥ ಮಾತು ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ತಲೆಯ ಮೇಲೆ ಕೂತಿದೆಯೋ! ನಿಜ ಏನೆಂದರೆ, ಡಿಕ್ಯೂ2 ಅಣುವಿನಲ್ಲಿ ಎರಡು ತುಂಡುಗಳಿವೆ. ಕೆಲವು ಮಕ್ಕಳಿಗೆ ಎರಡೂ ತುಂಡು ಒಬ್ಬರಿಂದಲೇ ಬಂದಿರುತ್ತದೆ. ಇನ್ನು ಕೆಲವರಿಗೆ ಒಂದು ತುಂಡು ಅಪ್ಪನಿಂದ, ಇನ್ನೊಂದು ಅಮ್ಮನಿಂದ ಬಂದು ಮಗುವಿನಲ್ಲೇ ಮೊದಲ ಸಲ ಜೋಡಿಯಾಗಿರುತ್ತದೆ. ಇಬ್ಬರನ್ನೂ ಬೇರೆ ಬೇರೆ ನೋಡಿದರೆ ಯಾರಲ್ಲೂ ಪೂರ್ತಿ ಇರುವುದಿಲ್ಲ. ಹೀಗಿರುವಾಗ ಬೆರಳು ತೋರಿಸಿ ಆಗುವುದೇನು? ನಾವು ಯಾರ ಕಡೆಯಿಂದ ಅಂತ ಹುಡುಕಲು ಹೋಗಲೇ ಇಲ್ಲ. ನನ್ನ ಮಾವನವರೇ ಒಂದು ದಿನ ಎಲ್ಲರ ಎದುರು, ಮಕ್ಕಳು ಎರಡೂ ಮನೆಯವರು, ಕಾಯಿಲೆಯೂ ಎರಡೂ ಮನೆಯದ್ದು, ಈ ಮಾತು ಇಲ್ಲಿಗೆ ಸಾಕು ಅಂದರು. ಆದರೆ ಎಲ್ಲ ಮನೆಗಳಲ್ಲೂ ಅಂಥ ಮಾವ ಇರುವುದಿಲ್ಲ. ಮದುವೆ ವಯಸ್ಸಿನ ಹೆಣ್ಣುಮಕ್ಕಳಿರುವ ಎರಡು ಮನೆಯವರು ನನ್ನಲ್ಲಿ ಗುಟ್ಟಾಗಿ ಕೇಳಿದ್ದಾರೆ, ಪರೀಕ್ಷೆ ಮಾಡಿಸಿದರೆ ಸಂಬಂಧ ತಪ್ಪೀತಾ ಅಂತ. ಈ ಭಯವನ್ನು ನಮ್ಮಂಥವರು ಹೇಳಿ ತೆಗೆಯಲಿಕ್ಕಾಗುವುದಿಲ್ಲ. ಬಿಳಿ ಕೋಟು ಹಾಕಿದವರು, ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಹೇಳಬೇಕು.

ಮನೆಯವರಿಗೇ ಯಾಕೆ ಮೊದಲು ಪರೀಕ್ಷೆ ಅಂದರೆ, ಕಾಯಿಲೆ ಅಡಗಿರುವ ಸಾಧ್ಯತೆ ಅಲ್ಲೇ ಜಾಸ್ತಿ. ದೆಹಲಿಯ ಏಮ್ಸ್‌ನ ವೈದ್ಯರೂ ಸೇರಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2015ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ರೋಗಿಯ ಹತ್ತಿರದ ರಕ್ತಸಂಬಂಧಿಗಳಲ್ಲಿ ನೂರಕ್ಕೆ 7-8 ಮಂದಿಗೆ ಈ ಕಾಯಿಲೆ. ಅಕ್ಕತಂಗಿಯರಲ್ಲಿ 7ರಲ್ಲಿ ಒಬ್ಬರಿಗೆ, ರೋಗಿಯ ಹೆಣ್ಣುಮಕ್ಕಳಲ್ಲಿ 8ರಲ್ಲಿ ಒಬ್ಬರಿಗೆ, ಗಂಡುಮಕ್ಕಳಲ್ಲಿ 13ರಲ್ಲಿ, ಅಣ್ಣತಮ್ಮಂದಿರಲ್ಲಿ 16ರಲ್ಲಿ ಒಬ್ಬರಿಗೆ. ಅಪ್ಪ ಅಮ್ಮಂದಿರಲ್ಲಿ ಕಡಿಮೆ, 32-33 ಜನರಲ್ಲಿ ಒಬ್ಬರಿಗೆ. ಸಾವಿರಾರು ಜನರನ್ನು ಸೋಸಿ ಒಬ್ಬರನ್ನು ಹುಡುಕುವ ಕೆಲಸ ಅಲ್ಲ ಇದು. ಒಂದು ಮನೆಗೆ ಹೋಗಿ ಐದಾರು ಜನರ ರಕ್ತ ತೆಗೆಯುವ ಕೆಲಸ. ಅಷ್ಟಕ್ಕೆ ಸಿಗುವ ಫಲ ದೊಡ್ಡದು.

ಜಿಲ್ಲೆಯ ಲೆಕ್ಕವನ್ನೂ ನೋಡಿ. 2011ರ ಜನಗಣತಿಯ ಪ್ರಕಾರ ಕಾಸರಗೋಡಿನಲ್ಲಿ 13 ಲಕ್ಷ ಜನ. ದಕ್ಷಿಣದ ಆ ಸಾವಿರಕ್ಕೆ ಒಬ್ಬರು ಅನ್ನುವ ಕಡಿಮೆ ಲೆಕ್ಕವನ್ನೇ ಹಿಡಿದರೂ ಸಾವಿರಕ್ಕಿಂತ ಹೆಚ್ಚು ಮಂದಿ ಆಗುತ್ತದೆ. ಇವರೆಲ್ಲ ಎಲ್ಲಿದ್ದಾರೆ? ನನಗನ್ನಿಸುವುದು, ಕೆಲವರು ಗ್ಯಾಸ್ ಮಾತ್ರೆ ನುಂಗುತ್ತಿದ್ದಾರೆ. ಕೆಲವರು ವರ್ಷಗಟ್ಟಲೆ ಕಬ್ಬಿಣದ ಮಾತ್ರೆಯಲ್ಲಿದ್ದಾರೆ. ಕೆಲವರು ಪದೇ ಪದೇ ಗರ್ಭಪಾತ ಯಾಕೆ ಆಗುತ್ತಿದೆ ಅಂತ ಗೊತ್ತಿಲ್ಲದೆ ಹರಕೆ ಹೊರುತ್ತಿದ್ದಾರೆ. ಇವೆಲ್ಲ ಬೇರೆ ಕಾರಣದಿಂದಲೂ ಬರುತ್ತವೆ, ಹೌದು. ಆದರೆ ಈ ಕಾರಣವನ್ನು ನೋಡುವವರೇ ಇಲ್ಲದಿದ್ದರೆ ಅದು ಸಿಗುವುದಾದರೂ ಹೇಗೆ? ನನ್ನ ಅತ್ತೆಯವರಿಗೆ ಜೀವಮಾನವಿಡೀ ರಕ್ತಹೀನತೆ, ಈಗ ಎಲುಬು ಟೊಳ್ಳಾಗಿ ಸೊಂಟ ಮುರಿದಿದೆ. ಸೀಲಿಯಾಕ್‌ನಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಾಗಿ ಹೀರಿಕೊಳ್ಳದೆ ಎಲುಬು ಸವೆಯುತ್ತದೆ. ಅವರಿಗೂ ಇದೇ ಇರಬಹುದು, ಇಲ್ಲದೆಯೂ ಇರಬಹುದು. ಒಂದು ಸಿರಿಂಜು ರಕ್ತದಲ್ಲಿ ಸುಳಿವು ಸಿಗುವ ವಿಷಯ. ಆದರೆ ಮಂಗಳೂರಿನವರೆಗೆ ಬಸ್ಸಿನಲ್ಲೋ ಜೀಪಿನಲ್ಲೋ ಕೂತು ಹೋಗಲು ಅವರಿಗೆ ಈಗ ಆಗುವುದಿಲ್ಲ.

ಮಂಗಳೂರು ನಮಗೆ ಹತ್ತಿರ, ನಿಜ. ಆದರೆ ಅದು ಬೇರೆ ರಾಜ್ಯ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ರೋಗಿಗಳ ಆಂಬುಲೆನ್ಸುಗಳು ಅಲ್ಲೇ ನಿಂತದ್ದನ್ನು ಈ ಜಿಲ್ಲೆಯವರು ಮರೆಯುವುದಿಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸ ಆದಾಗ ನಾವೆಲ್ಲ ಎಷ್ಟು ಆಸೆ ಇಟ್ಟುಕೊಂಡಿದ್ದೆವು! ಆದರೆ ಈ ಪರೀಕ್ಷೆಗೆ ಅಂಥ ದೊಡ್ಡ ಯಂತ್ರ, ದೊಡ್ಡ ಕಟ್ಟಡ ಬೇಡ. ಟಿಟಿಜಿ ಐಜಿಎ ಮತ್ತು ಅದರ ಜೊತೆಗೆ ಒಟ್ಟು ಐಜಿಎ, ಎರಡೂ ಮಾಮೂಲಿ ರಕ್ತ ಪರೀಕ್ಷೆಗಳೇ. ಐಜಿಎ ಅಂದರೆ ದೇಹ ರಕ್ಷಣೆಗಾಗಿ ತಯಾರಿಸುವ ಪ್ರೋಟೀನುಗಳಲ್ಲಿ (ಆಂಟಿಬಾಡಿ) ಒಂದು ಬಗೆ. ಒಟ್ಟು ಐಜಿಎ ಯಾಕೆ ಬೇಕು ಅಂದರೆ ಕೆಲವರ ದೇಹದಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ, ಅಂಥವರಲ್ಲಿ ಕಾಯಿಲೆ ಇದ್ದರೂ ಟಿಟಿಜಿ ಸರಿ ಅಂತ ಬಂದುಬಿಡುತ್ತದೆ. ಇಲ್ಲೇ ಪರೀಕ್ಷೆ ಮಾಡಲು ಆಗದಿದ್ದರೆ ಕುಟುಂಬಾರೋಗ್ಯ ಕೇಂದ್ರದಲ್ಲಿ ರಕ್ತ ತೆಗೆದು ದೊಡ್ಡ ಲ್ಯಾಬಿಗೆ ಕಳಿಸುವ ವ್ಯವಸ್ಥೆಯಾದರೂ ಆಗಲಿ. ಎಂಡೋಸ್ಕೋಪಿ ಎಲ್ಲರಿಗೂ ಬೇಕಾಗುವುದಿಲ್ಲ, ರಕ್ತದಲ್ಲಿ ಏರಿದವರಿಗೆ ಮಾತ್ರ.

ವಂಶವಾಹಿ ಪರೀಕ್ಷೆಯನ್ನೂ ಎಲ್ಲರಿಗೂ ಮಾಡಿ ಅಂತ ನಾನು ಕೇಳುತ್ತಿಲ್ಲ, ಅದು ದುಬಾರಿ. ಆದರೆ ಅದಕ್ಕೆ ಒಂದು ಒಳ್ಳೆಯ ಉಪಯೋಗ ಉಂಟು. ಅದು ಕಾಯಿಲೆ ಇದೆ ಅಂತ ಹೇಳುವುದಿಲ್ಲ, ಬರುವುದಿಲ್ಲ ಅಂತ ಹೇಳುತ್ತದೆ. ಡಿಕ್ಯೂ2 ಇಲ್ಲ, ಡಿಕ್ಯೂ8 ಇಲ್ಲ ಅಂತಾದರೆ ಆ ಮಗುವಿಗೆ ಸೀಲಿಯಾಕ್ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ, ಮತ್ತೆ ಮತ್ತೆ ರಕ್ತ ತೆಗೆಯಬೇಕಿಲ್ಲ. ಇದ್ದವರು ಇವತ್ತು ಸರಿ ಇದ್ದರೂ ಕೆಲವು ವರ್ಷಗಳಿಗೊಮ್ಮೆ ಟಿಟಿಜಿ ಮಾಡಿಸುತ್ತಿರಬೇಕು, ಯಾಕೆಂದರೆ ಈ ಕಾಯಿಲೆ ಯಾವ ವಯಸ್ಸಿನಲ್ಲಾದರೂ ಶುರುವಾಗಬಹುದು. ನಾನು ಮತ್ತು ನನ್ನ ಗಂಡ ಈಗ ಆ ಲೆಕ್ಕದಲ್ಲೇ ಇದ್ದೇವೆ.

ಓದುವ ತಾಯಂದಿರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಇದನ್ನು ಓದಿ ಹೆದರಿ ಮಕ್ಕಳಿಗೆ ಇವತ್ತೇ ಚಪಾತಿ ನಿಲ್ಲಿಸಬೇಡಿ. ಪರೀಕ್ಷೆಗೆ ಮೊದಲು ಗೋಧಿ ಬಿಟ್ಟರೆ ಟಿಟಿಜಿ ಇಳಿಯುತ್ತದೆ, ಕರುಳೂ ಸುಧಾರಿಸುತ್ತದೆ, ಆಗ ಕಾಯಿಲೆ ಇದ್ದರೂ ಇಲ್ಲ ಅಂತ ವರದಿ ಬರುತ್ತದೆ. ತಿನ್ನುತ್ತಿರುವಾಗಲೇ ರಕ್ತ ಕೊಡಿ, ಬಿಡುವುದು ಆಮೇಲೆ. ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಇದೆ ಅಂತ ಹುಟ್ಟಿದ ಕೂಸಿಗೆ ಗೋಧಿ ಮುಟ್ಟಿಸದೆ ವರ್ಷಗಟ್ಟಲೆ ಮುಂದೂಡುವುದೂ ಬೇಡ. ಯುರೋಪಿನಲ್ಲಿ ಇಂಥ ಮನೆಗಳ ಮಕ್ಕಳ ಮೇಲೆ ಮಾಡಿದ ಎರಡು ದೊಡ್ಡ ಅಧ್ಯಯನಗಳು 2014ರಲ್ಲಿ ಹೊರಬಂದವು. ಗೋಧಿಯನ್ನು ಬೇಗ ಕೊಟ್ಟರೂ ತಡವಾಗಿ ಕೊಟ್ಟರೂ ಕಾಯಿಲೆ ತಪ್ಪಲಿಲ್ಲ ಅಂತ ಅವು ಹೇಳಿದವು.

ಕೂಸು ಅಂದಾಗ ಅಂಗನವಾಡಿಯ ಅಮೃತಂ ಪುಡಿ ನೆನಪಾಯಿತು. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ರೂಪುಗೊಂಡು, ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಹೆಂಗಸರ ಕೈಯಲ್ಲಿ ತಯಾರಾಗಿ ಇಡೀ ಕೇರಳದ ಮಕ್ಕಳನ್ನು ಸಾಕುತ್ತಿರುವ ಪುಡಿ ಅದು. ನನಗೆ ಅದರ ಬಗ್ಗೆ ಹೆಮ್ಮೆ ಇದೆ, ನನ್ನ ಮಕ್ಕಳೂ ತಿಂದಿದ್ದಾರೆ. ಆದರೆ ಅದರಲ್ಲಿ ಹೆಚ್ಚು ಇರುವುದು ಗೋಧಿಯೇ. ಸೀಲಿಯಾಕ್ ಖಾತ್ರಿಯಾದ ಕೂಸಿಗೆ ಅದರ ಬದಲು ಅಕ್ಕಿಯದ್ದೋ ರಾಗಿಯದ್ದೋ ಪುಡಿ ಸಿಗಬೇಕು. ಹಾಗೆಯೇ, ಆರೋಗ್ಯವಾಗಿದ್ದ ಕೂಸು ಆ ಪುಡಿ ಶುರು ಮಾಡಿದ ಮೇಲೆ ತೂಕ ಇಳಿಯುತ್ತಿದ್ದರೆ ತೂಕದ ಪುಸ್ತಕದಲ್ಲಿ ಮೊದಲು ನೋಡುವುದು ಅಂಗನವಾಡಿ ಟೀಚರ್. ಹೊಟ್ಟೆ ಉಬ್ಬಿದೆ, ಕೈಕಾಲು ಸಪೂರ, ತೂಕ ನಿಂತಿದೆ, ಇಂಥ ಮಗುವನ್ನು ಕಂಡರೆ ಟಿಟಿಜಿಗೆ ಬರೆದು ಕಳಿಸಬಹುದು ಅಂತ ಅವರಿಗೆ ಅರ್ಧ ದಿನದ ತರಬೇತಿಯಲ್ಲಿ ಹೇಳಿಕೊಡಬಹುದು. ಅವರು ಅಷ್ಟು ಚುರುಕು, ಹೇಳಿದರೆ ಮಾಡುತ್ತಾರೆ.

ಕಾಯಿಲೆ ಗೊತ್ತಾದ ಮೇಲೆ ಮನೆ ನಡೆಸುವುದು ಹೇಗೆ ಅಂತಲೂ ಯಾರೂ ಕೂರಿಸಿ ಹೇಳುವುದಿಲ್ಲ. ಗೋಧಿ, ಮೈದಾ, ರವೆ, ಶ್ಯಾವಿಗೆ ಬಿಡಿ ಅನ್ನುತ್ತಾರೆ. ಬಿಟ್ಟೆವು. ಅಕ್ಕಿಯ ಊರಿನವರಿಗೆ ಅದೇನೂ ಕಷ್ಟ ಅಲ್ಲ, ಅಜ್ಜಿಯ ತಿಂಡಿಗಳೇ ಮತ್ತೆ ಬಂದವು. ಆದರೂ ಮಗಳ ಟಿಟಿಜಿ ಇಳಿಯಲಿಲ್ಲ. ಕಳ್ಳ ಎಲ್ಲಿದ್ದ ಗೊತ್ತಾ? ಹಿಂಗಿನ ಡಬ್ಬಿಯಲ್ಲಿ. ಅಂಗಡಿಯಲ್ಲಿ ಸಿಗುವ ಹಿಂಗು ಶುದ್ಧ ಹಿಂಗಲ್ಲ, ಅದಕ್ಕೆ ಹಿಟ್ಟು ಬೆರೆಸಿರುತ್ತಾರೆ, ಎಷ್ಟೋ ಕಂಪನಿಗಳದ್ದರಲ್ಲಿ ಅದು ಗೋಧಿ ಹಿಟ್ಟು ಅಥವಾ ಮೈದಾ. ಡಬ್ಬಿಯ ಹಿಂಬದಿಯ ಇರುವೆ ಗಾತ್ರದ ಅಕ್ಷರಗಳನ್ನು ಮಗನೇ ಫೋನಿನಲ್ಲಿ ದೊಡ್ಡದು ಮಾಡಿ ಓದಿ ಹೇಳಿದ್ದು. ಸಾರು, ಸಾಂಬಾರು, ಉಪ್ಪಿನಕಾಯಿ, ಹಪ್ಪಳ, ಎಲ್ಲದರಲ್ಲೂ ನಾವು ಅದನ್ನು ಹಾಕುತ್ತಿದ್ದೆವು. ಈಗ ಅಕ್ಕಿ ಹಿಟ್ಟು ಬೆರೆಸಿದ ಹಿಂಗು ಹುಡುಕಿ ತರುತ್ತೇವೆ. ಮಿಲ್ಲಿನಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ಅಕ್ಕಿ, ರಾಗಿ ಬೀಸಿದರೂ ಅದೇ ಕಥೆ, ಹಾಗಾಗಿ ಹಿಟ್ಟು ಮನೆಯಲ್ಲೇ. ಹಾರ್ಲಿಕ್ಸ್‌ನಂಥ ಪುಡಿಗಳಲ್ಲಿ ಬಾರ್ಲಿ, ಗೋಧಿ ಎರಡೂ ಇರುತ್ತವೆ, ಅದೂ ಹೋಯಿತು. ಗ್ಲುಟೆನ್ ಇಲ್ಲ ಅಂತ ಪೊಟ್ಟಣದ ಮೇಲೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಉಂಟು. ಅಷ್ಟು ಸಣ್ಣ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ ಅಲ್ವಾ. ಕಾರ್ಯಕ್ರಮದ ಮನೆಗಳಲ್ಲಿ ಮಗಳು ಎಲೆಯಲ್ಲಿ ಅನ್ನ, ಮಜ್ಜಿಗೆ, ಬಾಳೆಹಣ್ಣು ಅಷ್ಟೇ ಹಾಕಿಸಿಕೊಳ್ಳುತ್ತಾಳೆ. ಬಡಿಸುವವರು ಪ್ರೀತಿಯಿಂದ ಒತ್ತಾಯ ಮಾಡುತ್ತಾರೆ, ಒಂದು ಸೌಟು ಸಾಂಬಾರಿಗೆ ಏನಾಗುತ್ತದೆ ಮಗಾ ಅಂತ. ಅವಳು ಪ್ರತಿ ಸಲವೂ ನಗುತ್ತಾ ವಿವರಿಸಬೇಕು.

ಇದನ್ನೆಲ್ಲ ಒಂದು ಕನ್ನಡದ ಕರಪತ್ರದಲ್ಲಿ ಹಾಕಿ ಕೊಡಲು ಎಷ್ಟು ಖರ್ಚಾದೀತು? ಆಸ್ಪತ್ರೆಯ ಗೋಡೆಯ ಮೇಲೆ, ಆಶಾ ಕಾರ್ಯಕರ್ತೆಯರು ತರುವ ಕಾಗದಗಳಲ್ಲಿ ಮಲಯಾಳ ಮಾತ್ರ ಇದ್ದರೆ ನನ್ನ ಅತ್ತೆಯಂಥವರಿಗೆ ಅದು ಇದ್ದೂ ಇಲ್ಲದ ಹಾಗೆ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ನಮಗೆ ಬೇಡ ಅಂತಲ್ಲ, ಮಾತಾಡುತ್ತೇವೆ, ನಮ್ಮ ಮಕ್ಕಳು ಕಲಿಯುತ್ತಿದ್ದಾರೆ. ಆದರೆ ಏನು ತಿನ್ನಬೇಕು ಏನು ತಿನ್ನಬಾರದು ಅನ್ನುವುದು ಅಡುಗೆಮನೆಯಲ್ಲಿ ನಿಂತವರಿಗೆ ಅವರ ಭಾಷೆಯಲ್ಲೇ ಸಿಗಬೇಕು. ಕರಪತ್ರವನ್ನು ಕನ್ನಡದಲ್ಲಿ ಬರೆದುಕೊಡಲು ನಮ್ಮ ಊರಿನ ಶಾಲೆಯ ಟೀಚರುಗಳೂ ನಾನೂ ತಯಾರಿದ್ದೇವೆ, ನಿಮ್ಮ ಡಾಕ್ಟ್ರುಗಳು ಒಮ್ಮೆ ನೋಡಿ ಸರಿ ಅಂದರೆ ಸಾಕು.

ಮಕ್ಕಳಿಗೆ ಬರುವ ಟೈಪ್ 1 ಸಕ್ಕರೆ ಕಾಯಿಲೆಗೂ ಇದೇ ಎಚ್‌ಎಲ್‌ಎ ವಂಶವಾಹಿಗಳ ನಂಟು ಇದೆ, ಆ ಮಕ್ಕಳಲ್ಲಿ ಸೀಲಿಯಾಕ್ ಬರುವುದು ಮಾಮೂಲಿಗಿಂತ ಜಾಸ್ತಿ. ಅಂಥ ಮಕ್ಕಳಿಗಾಗಿ ಕೇರಳ ಸರಕಾರದ ಮಿಠಾಯಿ ಯೋಜನೆ ಈಗಾಗಲೇ ನಡೆಯುತ್ತಿದೆ, ಹೆಸರುಗಳು ಪಟ್ಟಿಯಲ್ಲಿವೆ. ಜಿಲ್ಲೆಯಲ್ಲಿ ಕೆಲಸ ಶುರು ಮಾಡಲು ಇದಕ್ಕಿಂತ ಸುಲಭದ ಜಾಗ ಯಾವುದು? ಆ ಮಕ್ಕಳ ಟಿಟಿಜಿ ಮಾಡಿ, ಏರಿದವರ ಮನೆಯವರನ್ನು ಕರೆಯಿರಿ. ಹಾಗೆಯೇ ಕಬ್ಬಿಣ ಕೊಟ್ಟರೂ ರಕ್ತ ಏರದ ಮಕ್ಕಳು, ಗಿಡ್ಡವಾಗಿ ಉಳಿದ ಮಕ್ಕಳು, ಥೈರಾಯ್ಡ್ ಇರುವ ಮಕ್ಕಳು. ಮತ್ತೆ ನಮ್ಮಂಥ ಮನೆಗಳು, ನಾವು ನಾವಾಗಿಯೇ ಬರುತ್ತೇವೆ. ರೇಷನ್ ಕಾರ್ಡಿನಲ್ಲಿ ಆಟಾದ ಬದಲು ಅಷ್ಟೇ ಬೆಲೆಯ ಅಕ್ಕಿ ಕೊಡಿ ಎಂದು ನಾಗರಿಕ ಪೂರೈಕೆ ಇಲಾಖೆಗೆ ಒಂದು ಕಾಗದ ಬರೆಯುವುದು ಕೂಡ ನಿಮ್ಮಿಂದಲೇ ಆಗಬೇಕಾದ ಕೆಲಸ. ರೋಗಿಯ ಮನೆಯವರು ಬರೆದರೆ ಅದು ಅರ್ಜಿ, ನೀವು ಬರೆದರೆ ಶಿಫಾರಸು.

ನನಗೆ ಗೊತ್ತಿರುವ ಹಾಗೆ ಸುತ್ತಮುತ್ತಲಿನ ಪಂಚಾಯತುಗಳಲ್ಲಿ ಸೀಲಿಯಾಕ್ ಖಾತ್ರಿಯಾದ ಇನ್ನೂ ಕೆಲವು ಮನೆಗಳಿವೆ. ನಾವು ಫೋನಿನಲ್ಲಿ ಒಬ್ಬರಿಗೊಬ್ಬರು ಹಿಂಗಿನ ಬ್ರ್ಯಾಂಡು ಹೇಳಿಕೊಳ್ಳುವವರು. ನೀವು ಒಂದು ದಿನ ಗೊತ್ತು ಮಾಡಿ, ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಮಂಗಲ್ಪಾಡಿಯಲ್ಲೋ, ರಕ್ತ ತೆಗೆಯುವ ಒಬ್ಬ ಲ್ಯಾಬ್ ಸಿಬ್ಬಂದಿ ಮತ್ತು ಕನ್ನಡ ಬರುವ ಒಬ್ಬ ಡಾಕ್ಟ್ರನ್ನು ಕೂರಿಸಿ. ಅಪ್ಪ, ಅಮ್ಮ, ಅಕ್ಕ, ತಮ್ಮ, ಎಲ್ಲರನ್ನೂ ಕರೆದುಕೊಂಡು ಬರುತ್ತೇವೆ. ಅತ್ತೆಯವರನ್ನು ಅಷ್ಟು ದೂರಕ್ಕಾದರೆ ಆಟೋದಲ್ಲಿ ಮಲಗಿಸಿಯಾದರೂ ತರಬಹುದು. ಯಾವ ದಿನ ಅಂತ ತಿಳಿಸಿ.

ಇತಿ ನಿಮ್ಮ ವಿಶ್ವಾಸಿ,
ಪೆರ್ಲ ಕಡೆಯ ಒಬ್ಬ ತಾಯಿ